ಒಂದು ಎಕರೆ ಮೂರಾದ ಲೆಕ್ಕ: ಪಿತ್ರಾರ್ಜಿತ ಜಮೀನಿನಲ್ಲಿ ಮಗಳ ಪಾಲು

ಪಿತ್ರಾರ್ಜಿತ ಜಮೀನು ಒಂಬತ್ತು ಎಕರೆ. ತಾಯಿ ಇಲ್ಲ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ತಂದೆ ಉಯಿಲು ಬರೆಯದೆ ತೀರಿಕೊಂಡರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಹಳೆಯ 6ನೇ ಕಲಮಿನಂತೆ ಮಗಳಿಗೆ ಬರುತ್ತಿದ್ದದ್ದು ಒಂದೇ ಎಕರೆ. ಈಗ ಅಣ್ಣತಮ್ಮಂದಿರಷ್ಟೇ, ಮೂರು.

ಹಳೆಯ ಲೆಕ್ಕ ಹೀಗಿತ್ತು: ತಂದೆ ಸಾಯುವ ಮುಂಚಿನ ಕ್ಷಣ ಜಮೀನು ಪಾಲಾಯಿತೆಂದು ಊಹಿಸಿಕೊಳ್ಳಬೇಕು. ತಂದೆಗೆ ಮೂರು, ಗಂಡುಮಕ್ಕಳಿಗೆ ಮೂರು ಮೂರು ಎಕರೆ. ಆಮೇಲೆ ತಂದೆಯ ಮೂರು ಎಕರೆ ಮಾತ್ರ ಮೂವರು ಮಕ್ಕಳಿಗೆ ಸಮನಾಗಿ ಹಂಚಿಕೆ. ಗಂಡುಮಕ್ಕಳಿಗೆ ನಾಲ್ಕು ನಾಲ್ಕು, ಮಗಳಿಗೆ ಒಂದು.

ಇದರ ಬೇರು ಕಲ್ಯಾಣದಲ್ಲಿದೆ. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಧರ್ಮಶಾಸ್ತ್ರ ಗ್ರಂಥ ಮಿತಾಕ್ಷರಾ ಮಗನಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ಅಲ್ಲಿ ಯಾರ ಪಾಲೂ ಸ್ಥಿರವಲ್ಲ. ಮನೆಯಲ್ಲಿ ಗಂಡು ಹುಟ್ಟಿದರೆ ಉಳಿದವರ ಪಾಲು ಕುಗ್ಗುತ್ತದೆ, ಒಬ್ಬ ಸತ್ತರೆ ಹಿಗ್ಗುತ್ತದೆ. ಮೈಸೂರು ಸಂಸ್ಥಾನ 1933ರಲ್ಲೇ ಮಹಿಳೆಯರ ಹಕ್ಕಿನ ಕಾಯ್ದೆ ತಂದು ವಿಭಾಗದ ವೇಳೆ ಹೆಂಗಸರಿಗೂ ಒಂದಿಷ್ಟು ಪಾಲು ಕೊಟ್ಟಿತು, ಆದರೆ ಅದು ಸಂಸ್ಥಾನದ ಗಡಿಯೊಳಗೆ ಮಾತ್ರ.

ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂದು ಮಗಳನ್ನೂ ಹುಟ್ಟಿನಿಂದಲೇ ಪಾಲುದಾರಳನ್ನಾಗಿಸಿತು. ಆದರೆ ಅದಕ್ಕೂ ಮೊದಲೇ ಮದುವೆಯಾದವರಿಗೆ ಅದು ಅನ್ವಯಿಸಲಿಲ್ಲ. ಹೀಗೆ ಅಕ್ಕನಿಗೆ ಇಲ್ಲದ ಹಕ್ಕು ತಂಗಿಗೆ ಸಿಕ್ಕಿತು. ಎಷ್ಟೋ ದಾವೆಗಳು ಲಗ್ನಪತ್ರಿಕೆಯ ತಾರೀಖಿನ ಮೇಲೆ ನಿಂತವು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಮದುವೆಯ ಷರತ್ತನ್ನು ತೆಗೆಯಿತು. ಆಗ ಹೊಸ ತಕರಾರು ಎದ್ದಿತು: ಆ ದಿನ ತಂದೆ ಬದುಕಿರಬೇಕೇ? ಕರ್ನಾಟಕದಿಂದ ಹೋದ ಎರಡು ಮೊಕದ್ದಮೆಗಳಲ್ಲೇ ಸುಪ್ರೀಂ ಕೋರ್ಟ್ ಒಂದಕ್ಕೊಂದು ಹೊಂದದ ತೀರ್ಪು ಕೊಟ್ಟಿತು. 2015ರಲ್ಲಿ ಇರಬೇಕು ಎಂದಿತು. 2018ರಲ್ಲಿ, ತಂದೆ 2001ರಲ್ಲೇ ತೀರಿಹೋಗಿದ್ದರೂ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಇತ್ಯರ್ಥ ಮಾಡಿತು: ಹಕ್ಕು ಬರುವುದು ಹುಟ್ಟಿನಿಂದ, ತಂದೆ ಬದುಕಿರಬೇಕಿಲ್ಲ.

ಒಂದು ಗೆರೆ ಮಾತ್ರ ಉಳಿದಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪಾಲುಪತ್ರ ಅಥವಾ ಕೋರ್ಟ್ ಡಿಕ್ರಿಯಿಂದ ಆದ ವಿಭಾಗ ಹಾಗೂ ಆಗಿನ ಮಾರಾಟಗಳನ್ನು ಕೆದಕುವಂತಿಲ್ಲ. ಅದಕ್ಕೇ ಅಣ್ಣತಮ್ಮಂದಿರು ‘ಬಾಯಿಮಾತಿನಲ್ಲಿ ಎಂದೋ ಪಾಲಾಗಿದೆ’ ಎಂಬ ವಾದ ಹೂಡುವುದು. ಸರ್ಕಾರಿ ದಾಖಲೆಗಳ ಗಟ್ಟಿ ಆಧಾರವಿಲ್ಲದಿದ್ದರೆ ಅದು ನಿಲ್ಲದು.

ಪಾಲು ಗೊತ್ತಾದ ಮಾತ್ರಕ್ಕೆ ನೆಲ ಸಿಗುವುದಿಲ್ಲ. ಪೌತಿ ಖಾತೆಯಲ್ಲಿ, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರಿಗೆ ಬದಲಾಗುವ ಖಾತೆಯಲ್ಲಿ, ಮೂವರ ಹೆಸರು ಜಂಟಿಯಾಗಿ ಬಂದರೆ ಪ್ರತಿ ಗುಂಟೆಯಲ್ಲೂ ಮೂವರಿಗೂ ಹಕ್ಕಿದೆ. ‘ರಸ್ತೆ ಬದಿಯದು ನನ್ನದು’ ಎನ್ನಲು ಯಾರಿಗೂ ಬರುವುದಿಲ್ಲ. ತಂಗಿಯ ಸಹಿ ಪಡೆದು ಅವಳ ಹೆಸರನ್ನು ಪಹಣಿಯಿಂದ ಬಿಡಿಸಿದರೂ ಹಕ್ಕು ಹೋಗದು, ಏಕೆಂದರೆ ಪಹಣಿ ಕಂದಾಯದ ದಾಖಲೆಯೇ ಹೊರತು ಹಕ್ಕುಪತ್ರವಲ್ಲ. ಬಿಟ್ಟುಕೊಡುವುದಿದ್ದರೆ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು. ಅವಿಭಕ್ತ ಮನೆಯಲ್ಲಿ ಒಬ್ಬರ ಪಾಲನ್ನು ಕೊಂಡ ಹೊರಗಿನವರಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಕಲಮಿನಂತೆ ಒಳಗೆ ಬಂದು ಕೂರುವ ಹಕ್ಕಿಲ್ಲ, ವಿಭಾಗ ಕೇಳುವ ಹಕ್ಕಷ್ಟೇ. ಅವರು ದಾವೆ ಹೂಡಿದರೆ ಮನೆಯವರು 1893ರ ವಿಭಾಗ ಕಾಯ್ದೆಯಡಿ ಕೋರ್ಟ್ ಕಟ್ಟಿದ ಬೆಲೆಗೆ ಆ ಪಾಲನ್ನು ಮರಳಿ ಕೊಳ್ಳಬಹುದು.

ದಾವೆಗಳು ಹೆಚ್ಚಾಗಿ ಎಡವುವುದು ಆರಂಭದಲ್ಲೇ. ವಂಶವೃಕ್ಷದಲ್ಲಿ ತೀರಿಹೋದ ಅಕ್ಕನ ಮಕ್ಕಳನ್ನು ಬಿಟ್ಟಿರುತ್ತಾರೆ, ಇಲ್ಲವೇ ದಾವೆಯ ಆಸ್ತಿ ಪಟ್ಟಿಯಾದ ಷೆಡ್ಯೂಲಿನಲ್ಲಿ ಒಂದು ಸರ್ವೆ ನಂಬರ್ ಸೇರಿಸಿರುವುದಿಲ್ಲ. ಎಲ್ಲ ಪಾಲುದಾರರೂ ಎಲ್ಲ ಜಂಟಿ ಆಸ್ತಿಯೂ ಒಂದೇ ದಾವೆಯಲ್ಲಿ ಇಲ್ಲದಿದ್ದರೆ ವರ್ಷಗಳ ನಂತರ ದಾವೆಯೇ ಬಿದ್ದುಹೋಗಬಹುದು. ಪ್ರಾಥಮಿಕ ಡಿಕ್ರಿ ಹೇಳುವುದು ಮೂರನೇ ಒಂದು ಎಂಬ ಪ್ರಮಾಣವನ್ನಷ್ಟೇ; ಗೆದ್ದೆವೆಂದು ಮನೆಗೆ ಹೋಗಿ ಕೂತವರು ಬಹಳ. ಮನೆ, ನಿವೇಶನಗಳನ್ನು ಕೋರ್ಟ್ ಕಮಿಷನರ್ ಅಳೆದು ವರದಿ ಕೊಟ್ಟ ಮೇಲೆ ಅಂತಿಮ ಡಿಕ್ರಿಯಾಗುತ್ತದೆ, ಅದನ್ನು ಸ್ಟಾಂಪ್ ಕಾಗದದ ಮೇಲೆ ಬರೆಸಬೇಕು. ಕಂದಾಯ ಜಮೀನಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಮಿನಡಿ ಪ್ರಕರಣ ಕಂದಾಯ ಅಧಿಕಾರಿಗಳಿಗೆ ಹೋಗುತ್ತದೆ. ಅಳತೆ, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ಗುರುತು), ಪೋಡಿ (ಸರ್ವೆ ನಂಬರಿನ ವಿಂಗಡಣೆ) ಮುಗಿದು ಆ ತುಂಡಿಗೆ ಹೊಸ ಹಿಸ್ಸಾ ನಂಬರ್ ಬಿದ್ದಾಗಲೇ ಮಗಳ ಹೆಸರಿಗೆ ಪ್ರತ್ಯೇಕ ಪಹಣಿ. ಪ್ರಾಥಮಿಕ ಡಿಕ್ರಿಯಾದ ಮೇಲೆ ವಾದಿ ಮತ್ತೆ ಅರ್ಜಿ ಹಾಕಲೆಂದು ಕಾಯದೆ ಕೋರ್ಟೇ ಮುಂದುವರಿಸಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.