ನ್ಯಾಚುರಲ್ ವೆಪನ್ ಮತ್ತು ಆ ಒಂದೂವರೆ ಪಟ್ಟು

"ಹುಲಿ ಈ ಸಲ ಒಂದೇ ಪಂಜ ಬೀಸಿದೆ, ಹಾಗಾಗಿ ಸ್ಟ್ರೆಂತ್ ಬೋನಸ್ ಒಂದೂವರೆ ಪಟ್ಟು ಹಾಕು ಮಾರಾಯ." ಮಡಿಕೇರಿಯಲ್ಲಿ ಮಳೆ ಹಿಡಿದರೆ ನಮ್ಮವರು ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಅನ್ನುವ ಪಾತ್ರ ವಹಿಸುವ ಆಟಕ್ಕೆ ಡೈಸ್ ಹಿಡಿಯುತ್ತಾರೆ, ಡೈಸ್ ಹಿಡಿದರೆ ಯಾರಾದರೊಬ್ಬರು ಈ ಮಾತು ಹೇಳಿಯೇ ಹೇಳುತ್ತಾರೆ. ಇಲ್ಲ, ಹಾಕಲ್ಲ. ಯಾಕೆ ಅಂತ ಒಮ್ಮೆ ಬರೆದಿಟ್ಟರೆ ಮುಂದಿನ ಸಲ ಇದನ್ನೇ ಕಳಿಸಬಹುದು ಅಲ್ವಾ.

ಸ್ಟ್ರೆಂತ್ ಅಂದರೆ ಬಲದ ಅಂಕ, ಅದು 18 ಇದ್ದರೆ ಬೋನಸ್ +4. ನಾನು ಹೇಳುತ್ತಿರುವುದು ಡಂಜನ್ಸ್ ಆಂಡ್ ಡ್ರ್ಯಾಗನ್ಸ್ 3.5 ಆವೃತ್ತಿಯ ವಿಷಯ. 2003ರದ್ದು, ಹಳೇದೇ, ಆದರೆ ನಮ್ಮ ಕಡೆ ಇನ್ನೂ ಬಿಟ್ಟಿಲ್ಲ. ಅದರಲ್ಲಿ ಹಲ್ಲು, ಉಗುರು, ಕೊಂಬು, ಕೋರೆ ಎಲ್ಲ ನ್ಯಾಚುರಲ್ ವೆಪನ್, ಅಂದರೆ ಮೈಯಲ್ಲೇ ಇರುವ ಆಯುಧ. ಪ್ರೈಮರಿ (ಮುಖ್ಯ ಆಯುಧ) ಆದರೆ ಡ್ಯಾಮೇಜಿಗೆ, ಅಂದರೆ ಏಟಿನ ಹಾನಿಗೆ, ಪೂರ್ತಿ ಬೋನಸ್. ಸೆಕೆಂಡರಿ (ಎರಡನೇ ದರ್ಜೆಯದು) ಆದರೆ ಅರ್ಧ, ಜೊತೆಗೆ ಹೊಡೆತ ತಾಗಿಸುವ ರೋಲಿಗೆ -5. ಪ್ರಾಣಿಗೆ ಇರುವುದೇ ಒಂದು ನ್ಯಾಚುರಲ್ ಅಟ್ಯಾಕ್ ಆದರೆ ಒಂದೂವರೆ ಪಟ್ಟು.

"ಇರುವುದೇ ಒಂದು." ಗಲಾಟೆ ಎಲ್ಲ ಇಲ್ಲೇ. ಲೆಕ್ಕ ಪ್ರಾಣಿಯ ಮೈಯದ್ದು, ಆ ಸರದಿಯದ್ದಲ್ಲ. ಹುಲಿಗೆ ಎರಡು ಪಂಜ, ಒಂದು ಬಾಯಿ. ಅದು ಓಡಿ ಬಂದು ಒಂದೇ ಏಟು ಹೊಡೆದರೂ ಉಳಿದ ಪಂಜ, ಬಾಯಿ ಎಲ್ಲೂ ಹೋಗಿರಲ್ಲ. ನಂಬಿಕೆ ಇಲ್ಲದಿದ್ದರೆ ಪ್ರಾಣಿಗಳ ಅಂಕಿಗಳಿರುವ ಪುಸ್ತಕ ಮಾನ್ಸ್ಟರ್ ಮ್ಯಾನ್ಯುಯಲ್ ತೆಗೆದು ನೋಡಿ. ಹುಲಿಯ ಸ್ಟ್ರೆಂತ್ 23, ಅಂದರೆ +6. ಒಂದೇ ಏಟಿನ ಸಾಲಿನಲ್ಲಿ ಪಂಜಕ್ಕೆ 1ಡಿ8+6 ಅಂತಲೇ ಇದೆ, ಅಂದರೆ ಎಂಟು ಮುಖದ ಒಂದು ಡೈಸ್ ಉರುಳಿಸಿ ಆರು ಕೂಡಿಸಬೇಕು. ಅದೇ ಸಾಲಿನಲ್ಲಿ ಒಂದು +9 ಕೂಡ ಇದೆ, ಮತ್ತೆ ಆರರ ಒಂದೂವರೆ ಪಟ್ಟೂ ಒಂಬತ್ತೇ, ಅದಕ್ಕೇ ಕೆಲವರು ಅದನ್ನು ತೋರಿಸಿ ಗೆದ್ದೆ ಅಂದುಕೊಳ್ಳುತ್ತಾರೆ. ಆ +9 ತಾಗಿಸುವ ರೋಲಿನದ್ದು, ಡ್ಯಾಮೇಜಿನದ್ದಲ್ಲ. ಸುಮ್ನೆ ಕಾಕತಾಳೀಯ. ಪೂರ್ತಿ ದಾಳಿಯ ಸಾಲನ್ನೂ ಓದಿ: ಪಂಜಗಳಿಗೆ 1ಡಿ8+6, ಬಾಯಿಗೆ 2ಡಿ6+3. ಬಾಯಿ ಸೆಕೆಂಡರಿ, ಅದಕ್ಕೆ ಅರ್ಧ.

ಈಗ ನಮ್ಮ ತೋಟಕ್ಕೆ ನುಗ್ಗುವ ಗಿರಾಕಿಯನ್ನೇ ತೆಗೆದುಕೊಳ್ಳಿ, ಕಾಡುಹಂದಿ. ಸ್ಟ್ರೆಂತ್ 15, ಬೋನಸ್ +2. ಕೋರೆಯಲ್ಲಿ ತಿವಿಯುವುದು ಬಿಟ್ಟರೆ ಅದಕ್ಕೆ ಬೇರೆ ಅಟ್ಯಾಕ್ ಇಲ್ಲ. ಹಾಗಾಗಿ 1ಡಿ8+3. ಒಂದೂವರೆ ಪಟ್ಟು ಆಗುವುದು ಬೋನಸ್ ಮಾತ್ರ, ಗಮನಿಸಿ. ಡೈಸ್ ಉರುಳಿಸಿ, ಎರಡು ಕೂಡಿಸಿ, ಬಂದದ್ದನ್ನೆಲ್ಲ ಒಂದೂವರೆ ಮಾಡುವವರನ್ನೂ ನೋಡಿದ್ದೇನೆ, ಅವರ ಹತ್ತಿರ ವಾದ ಮಾಡುವ ಶಕ್ತಿ ನನಗಿಲ್ಲ. ಅದೇ ಹಂದಿಗೆ ಬುಲ್ಸ್ ಸ್ಟ್ರೆಂತ್ ಮಂತ್ರ ಹಾಕಿದರೆ ಸ್ಟ್ರೆಂತ್ 19, ಬೋನಸ್ +4, ಡ್ಯಾಮೇಜ್ 1ಡಿ8+6. ಹಳೇ ಮೂರಕ್ಕೆ ಎರಡು ಸೇರಿಸಿ ಐದು ಅನ್ನಬೇಡಿ, ಮೊದಲಿನಿಂದ ಲೆಕ್ಕ ಹಾಕಿ. ಅರ್ಧ ಬಂದರೆ ಯಾವಾಗಲೂ ಕೆಳಗೆ ಇಳಿಸಬೇಕು. ತೋಳದ ಬೋನಸ್ +1, ಒಂದೂವರೆ ಪಟ್ಟು ಮಾಡಿದರೂ ಒಂದೇ. ಪಾಪ.

"ಹಾಗಾದರೆ ಆನೆ?" ಅನ್ನುತ್ತೀರಿ. ಸರಿಯಾದ ಪ್ರಶ್ನೆ. ಆನೆಯ ಸ್ಟ್ರೆಂತ್ 30, ಬೋನಸ್ +10. ಸೊಂಡಿಲ ಏಟಿಗೆ 2ಡಿ6+10, ಕಾಲಲ್ಲಿ ತುಳಿದರೆ 2ಡಿ6+5, ದಂತದ ತಿವಿತಕ್ಕೆ ಮಾತ್ರ 2ಡಿ8+15. ಮೂರು ಬಗೆ ಇದ್ದೂ ದಂತಕ್ಕೆ ಒಂದೂವರೆ! ಆದರೆ ಅಲ್ಲಿ "ಅಥವಾ" ಅಂತ ಇದೆ ನೋಡಿ. ತಿವಿದರೆ ಆ ಸರದಿಯಲ್ಲಿ ಸೊಂಡಿಲೂ ಇಲ್ಲ, ತುಳಿತವೂ ಇಲ್ಲ. ಆನೆಗೆ ಅಂತಲೇ ಬರೆದುಕೊಟ್ಟ ರಿಯಾಯಿತಿ ಅದು. ಅದನ್ನು ಹುಲಿಗೆ ಎಳೆದು ತರುವ ಹಾಗಿಲ್ಲ. 2009ರಲ್ಲಿ ಬಂದ ಇದೇ ಬಗೆಯ ಆಟ ಪಾತ್‌ಫೈಂಡರ್ ಈ ರಗಳೆಯೇ ಬೇಡ ಅಂತ ಆನೆಯ ದಂತಕ್ಕೂ ಸೊಂಡಿಲಿಗೂ +10 ಕೊಟ್ಟು, ಎರಡನ್ನೂ ಒಟ್ಟಿಗೆ ಬಳಸಬಹುದು ಅಂದಿತು. ಅಲ್ಲಿ ಬಾಯಿಯೂ ಪ್ರೈಮರಿ, ಹಾಗಾಗಿ ಹುಲಿಯ ಕಡಿತಕ್ಕೂ ಪೂರ್ತಿ +6. ನನ್ನ ಕೇಳಿದರೆ ಅದೇ ಚೆಂದ.

ಇನ್ನು ಕೈಯಲ್ಲಿ ಆಯುಧ ಇರುವವರು. ನಿಮ್ಮ ಪಾತ್ರಕ್ಕೆ ಕೋರೆಹಲ್ಲಿದೆ, ಕೈಯಲ್ಲಿ ಒಡಿಕತ್ತಿಯೂ ಇದೆ ಅಂತಿಟ್ಟುಕೊಳ್ಳಿ. ಕತ್ತಿ ಬೀಸಿ ಅದೇ ಸರದಿಯಲ್ಲಿ ಕಚ್ಚಿದರೆ ಕಡಿತ ಸೆಕೆಂಡರಿ ಆಗುತ್ತದೆ, ಬೋನಸ್ ಅರ್ಧ. 3.5, ಪಾತ್‌ಫೈಂಡರ್ ಎರಡರಲ್ಲೂ ಹೀಗೇ.

ಸ್ಟ್ರೆಂತ್ ಕಡಿಮೆ ಇದ್ದರೆ ಮಾತ್ರ ಅರ್ಧದ ಮಾತಿಲ್ಲ. ಅರ್ಧ ಆಗುವುದು ಬೋನಸ್, ಪೆನಾಲ್ಟಿ ಅಲ್ಲ. 3.5ರ ಬೆಕ್ಕಿನ ಸ್ಟ್ರೆಂತ್ 3, ಅಂದರೆ -4. ಪಂಜಕ್ಕೂ -4, ಸೆಕೆಂಡರಿ ಬಾಯಿಗೂ -4. ಏಟು ತಾಗಿದರೆ ಕನಿಷ್ಠ 1 ಡ್ಯಾಮೇಜ್ ಇದ್ದೇ ಇದೆ, ಅದಕ್ಕೇ ಬೆಕ್ಕಿಗೂ ಒಂದಿಷ್ಟು ಮರ್ಯಾದೆ.

2014ರ ಐದನೇ ಎಡಿಷನ್ ಆಡುವವರಿಗೆ ಇದ್ಯಾವುದೂ ಬೇಡ. ಅಲ್ಲಿ ಹುಲಿಯ ಸ್ಟ್ರೆಂತ್ 17, ಪಂಜಕ್ಕೂ +3, ಬಾಯಿಗೂ +3. ಅರ್ಧವೂ ಇಲ್ಲ, ಒಂದೂವರೆಯೂ ಇಲ್ಲ. ಆ ಟೇಬಲಿಗೆ ಬಂದು ಒಂದೂವರೆ ಕೇಳಿದರೆ ಕೊಡುವವರು ಯಾರೂ ಇಲ್ಲ.