ಕಬ್ಬಿಣ, ಕಾಗದ, ಕರೆಂಟು ಕೊಟ್ಟ ಮಲೆನಾಡಿಗೆ ಕೆಲಸವೇಕಿಲ್ಲ?

ಭದ್ರಾವತಿಗೆ ಮೊದಲು ಬೆಂಕಿಪುರ ಅಂತ ಹೆಸರಿತ್ತು. ಕಬ್ಬಿಣದ ಕಾರ್ಖಾನೆ ಬರುವುದಕ್ಕೂ ಮುಂಚಿನ ಹೆಸರು ಅದು. 1918ರಲ್ಲಿ ಮೈಸೂರು ಸಂಸ್ಥಾನ ಇಲ್ಲಿ ಕಾರ್ಖಾನೆಗೆ ಕೈ ಹಾಕಿದಾಗ ಲೆಕ್ಕ ಸರಳವಾಗಿತ್ತು. ಅದಿರು ಕೆಮ್ಮಣ್ಣುಗುಂಡಿಯಲ್ಲಿದೆ, ನೀರು ಭದ್ರೆಯಲ್ಲಿದೆ. ಕಲ್ಲಿದ್ದಲು ಇಲ್ಲ, ಆದರೆ ಸುತ್ತ ಕಾಡಿದೆ, ಮರ ಸುಟ್ಟು ಇದ್ದಿಲು ಮಾಡಿಕೊಂಡರಾಯಿತು. 1923ರಲ್ಲಿ ಕಬ್ಬಿಣ ಕರಗಿ ಹರಿಯಿತು. ದಿವಾನಗಿರಿ ಬಿಟ್ಟ ಮೇಲೂ ವಿಶ್ವೇಶ್ವರಯ್ಯನವರು ಇದರ ಆಡಳಿತ ನೋಡಿಕೊಂಡರು. 1930ರ ದಶಕದಲ್ಲಿ ಮೈಸೂರು ಪೇಪರ್ ಮಿಲ್ಸ್ ಬಂತು. ಊರಿನ ದಿನಚರಿಯೇ ಪಾಳಿಯ ಮೇಲೆ ನಡೆಯತೊಡಗಿತು.

ಆಮೇಲೆ ಕರೆಂಟು. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ 1948ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಕಬ್ಬಿಣದ ಕಾರ್ಖಾನೆ ಅದಿರಿನ ಹತ್ತಿರವೇ ಬೇಕು. ಕರೆಂಟಿಗೆ ಆ ಕಟ್ಟಿಲ್ಲ, ತಂತಿ ಎಳೆದರೆ ಸಾಕು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ನಂಥ ದೊಡ್ಡ ಕಾರ್ಖಾನೆಗಳೆಲ್ಲವೂ 1940ರಿಂದ 1954ರೊಳಗೆ ಬೆಂಗಳೂರಿನಲ್ಲೇ ನೆಲೆ ಕಂಡಿದ್ದವು. ಕರೆಂಟು ಘಟ್ಟದಿಂದ ಹೋಯಿತು, ಕೆಲಸ ಅಲ್ಲಿ ಬೆಳೆಯಿತು. ನನ್ನ ಮಟ್ಟಿಗೆ ಇವತ್ತಿನ ಅಂತರದ ಬೇರು ಇಲ್ಲೇ ಇದೆ.

ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಸಾಗರ, ಹೊಸನಗರದ ಕಡೆ 'ಮುಳುಗಡೆ' ಅಂದರೆ ಸಾಕು, ಯಾರೂ ವಿವರಿಸಬೇಕಿಲ್ಲ. ಮನೆ, ಗದ್ದೆ, ತೋಟ ಬಿಟ್ಟು ಎದ್ದವರಿಗೆ ಕಾಡಿನ ಜಾಗ ತೋರಿಸಿದರು. ಆ ಜಾಗ ಕಂದಾಯದ್ದೋ ಅರಣ್ಯದ್ದೋ ಎಂಬ ತಕರಾರು ಅರವತ್ತು ವರ್ಷವಾದರೂ ಪೂರ್ತಿ ತೀರಿಲ್ಲ. ಹಕ್ಕುಪತ್ರ ಇಲ್ಲದವನಿಗೆ ಬ್ಯಾಂಕಿನಲ್ಲಿ ಸಾಲ ಹುಟ್ಟುವುದಿಲ್ಲ. ಸಾಲ ಇಲ್ಲದೆ ತೋಟ ಎಬ್ಬಿಸುವುದು ಹೇಗೆ, ಮಗನಿಗೆ ಒಂದು ಅಂಗಡಿ ಹಾಕಿಕೊಡುವುದು ಹೇಗೆ? ನಾಡಿಗೆಲ್ಲ ಬೆಳಕು ಕೊಟ್ಟವರ ಮೊಮ್ಮಕ್ಕಳು ಇನ್ನೂ ಕಚೇರಿ ಅಲೆಯುವುದು ದೊಡ್ಡ ಅನ್ಯಾಯ.

ಇತ್ತ ಭದ್ರಾವತಿಯ ಯಂತ್ರಗಳು ಹಳೆಯದಾದವು. ಕಬ್ಬಿಣದ ಕಾರ್ಖಾನೆ 1998ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದೊಳಗೆ ವಿಲೀನವಾಯಿತು. ಸ್ವಂತ ಅದಿರಿನ ಗಣಿ ಉಳಿಯದೆ ನಷ್ಟ ಏರಿತು. ಕಾಗದದ ಕಾರ್ಖಾನೆ 2015ರ ಹೊತ್ತಿಗೆ ನಿಂತಿತು. ಅದಕ್ಕಾಗಿ ಬೆಳೆಸಿದ ಅಕೇಶಿಯಾ ಮಾತ್ರ ಗುಡ್ಡಗಳ ಮೇಲೆ ಹಾಗೇ ನಿಂತಿದೆ. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಬಂತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು. ಮುಂದಿನ ತಿಂಗಳೇ, ಫೆಬ್ರವರಿ 27ರಂದು, ಶಿವಮೊಗ್ಗ ಹತ್ತಿರದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಆಮೇಲೆ ಕಾರ್ಖಾನೆಯಲ್ಲಿ ಒಂದಷ್ಟು ಕೆಲಸ ಮತ್ತೆ ಶುರುವಾಯಿತು, ಆದರೆ ಹಳೆಯ ಭದ್ರಾವತಿ ವಾಪಸ್ ಬರಲಿಲ್ಲ.

ಇಷ್ಟಾದರೂ ನಮಗಿಂತ ಕಷ್ಟದಲ್ಲಿರುವವರು ಕಲ್ಯಾಣ ಕರ್ನಾಟಕದವರು, ಒಪ್ಪಲೇಬೇಕು. ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರ ನಂಜುಂಡಪ್ಪ ಸಮಿತಿ ವರದಿ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಕಲಬುರಗಿ ಕಡೆಗೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಬಂದದ್ದು ನ್ಯಾಯವೇ. ಮಲೆನಾಡಿನ ತೊಂದರೆ ಬೇರೆ ತರಹದ್ದು. ಇಲ್ಲಿ ಶಾಲೆ ಇದೆ, ಕಾಲೇಜಿದೆ. ಓದಿದ ಓದಿಗೆ ತಕ್ಕ ಕೆಲಸ ಹತ್ತಿರದಲ್ಲಿಲ್ಲ, ಅಷ್ಟೇ.

ಹಾಗಾಗಿ ಎಂಜಿನಿಯರಿಂಗ್ ಮುಗಿಸಿದವರು ರಾತ್ರಿ ಬಸ್ಸು ಹತ್ತುತ್ತಾರೆ. ಊರಲ್ಲಿ ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಮದ್ದು ಹೊಡೆಯಬೇಕು, ತಡವಾದರೆ ಕೊಳೆ ರೋಗ ಬರುತ್ತದೆ. ಮರ ಹತ್ತುವ ಕೊನೆಗಾರರು ಸಿಗುವುದು ಕಷ್ಟ. ಯಾವಾಗ ಬರ್ತೀರಿ ಅಂತ ಅಪ್ಪ ಅವರಿಗೆ ಫೋನ್ ಮಾಡುತ್ತಲೇ ಇರುತ್ತಾರೆ. ಅಮ್ಮ ಬೆಂಗಳೂರಿಗೆ ಫೋನ್ ಮಾಡಿ ಅದೇ ಮಾತು ಕೇಳುತ್ತಾರೆ.