ಭೇದಿ ನಿಂತು ಮೂರು ವಾರಕ್ಕೆ ಮಂಡಿ ಊದಿದೆ, ಅಮ್ಮನ ಹಾಗೆ ನನ್ನದೂ ಸವೆದಿದೆಯಾ?

ಪ್ರಶ್ನೆ: ನನಗೆ 31 ವರ್ಷ. ಹೊರಗೆ ಊಟ ಮಾಡಿ ಜೋರು ಭೇದಿ, ಜ್ವರ ಬಂದಿತ್ತು. ಅದು ವಾಸಿಯಾಗಿ ಮೂರು ವಾರಕ್ಕೆ ಬಲ ಮಂಡಿ ಊದಿಕೊಂಡಿದೆ, ಹಿಮ್ಮಡಿಯೂ ನೋಯುತ್ತದೆ. ಅಮ್ಮನಿಗೆ ಮಂಡಿ ಸವೆದಿದೆ ಅಂತ ಡಾಕ್ಟರ್ ಹೇಳಿದ್ದಾರೆ. ನನಗೂ ಈಗಲೇ ಶುರುವಾಯಿತಾ?

ಉತ್ತರ: ಸವೆತ ಹೀಗೆ ಬರುವುದಿಲ್ಲ. ಇಬ್ಬರದೂ ಮಂಡಿ ನೋವೇ, ಮನೆಯಲ್ಲಿ ಇಬ್ಬರಿಗೂ ಒಂದೇ ಎಣ್ಣೆ ಹಚ್ಚಿ ತಿಕ್ಕುತ್ತಿರಬಹುದು, ಆದರೆ ಒಳಗೆ ನಡೆಯುತ್ತಿರುವುದೇ ಬೇರೆ.

ಅಮ್ಮನದು ಆಸ್ಟಿಯೋಆರ್ಥ್ರೈಟಿಸ್. ಮೂಳೆಗಳ ತುದಿಗೆ ಹೊದಿಕೆಯಂತಿರುವ ಕಾರ್ಟಿಲೇಜ್ ವರ್ಷಗಟ್ಟಲೆ ಸವೆಯುತ್ತಾ ಬರುತ್ತದೆ. ಅದಕ್ಕೆ ರಕ್ತನಾಳವಿಲ್ಲ, ಹಾಗಾಗಿ ಒಮ್ಮೆ ಹಾಳಾದರೆ ತಾನಾಗಿ ಸರಿಯಾಗುವುದು ಕಷ್ಟ. ಇಂಥವರನ್ನು ಕೇಳಿ ನೋಡಿ, ಯಾವತ್ತು ಶುರುವಾಯಿತು ಅಂತ ಹೇಳೋಕೇ ಆಗಲ್ಲ. ಮೆಟ್ಟಿಲು ಇಳಿಯುವಾಗ, ನೆಲದಿಂದ ಏಳುವಾಗ ನೋವು, ಸ್ವಲ್ಪ ಕೂತರೆ ಆರಾಮ. ಬೆಳಿಗ್ಗೆ ಎದ್ದಾಗ ಮಂಡಿ ಬಿಗಿದುಕೊಂಡಿದ್ದರೂ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ.

ನಿಮಗೆ ಆಗಿರುವುದು ಬಹುಶಃ ರಿಯಾಕ್ಟಿವ್ ಆರ್ಥ್ರೈಟಿಸ್. ಸಾಲ್ಮೊನೆಲ್ಲಾ, ಶಿಗೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್‌ನಂಥ ಹೊಟ್ಟೆಯ ಸೋಂಕು ಬಂದು ಹೋಗಿ 1ರಿಂದ 4 ವಾರದಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಸೋಂಕಿನ ಜೊತೆ ಜಗಳಕ್ಕೆ ಇಳಿದ ನಮ್ಮದೇ ರೋಗನಿರೋಧಕ ವ್ಯವಸ್ಥೆ, ಸೋಂಕು ಹೋದ ಮೇಲೂ ಸುಮ್ಮನಾಗದೆ ಕೀಲುಗಳ ಮೇಲೆ ತಿರುಗಿ ಬೀಳುತ್ತದೆ. 20ರಿಂದ 40ರ ವಯಸ್ಸಿನವರಲ್ಲೇ ಜಾಸ್ತಿ. ಕಾಲಿನ ಕೀಲುಗಳೇ ಮೊದಲು ಸಿಕ್ಕಿಬೀಳುತ್ತವೆ, ಅದೂ ಒಂದು ಕಡೆ ಮಂಡಿ ಇನ್ನೊಂದು ಕಡೆ ಪಾದದ ಗಂಟು ಹೀಗೆ. ಹಿಮ್ಮಡಿ ನೋವು ಇದರ ದೊಡ್ಡ ಸುಳಿವು, ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದಿದ್ದೇ ಅದು. ಕಾಲ್ಬೆರಳೊಂದು ಇಡಿಯಾಗಿ ದಪ್ಪಗಾಗಬಹುದು, ಕಣ್ಣು ಕೆಂಪಾಗಬಹುದು, ಮೂತ್ರ ಉರಿಯಬಹುದು.

ಆದರೆ ಇದೇ ಅಂತ ತೀರ್ಮಾನಿಸುವ ಮುಂಚೆ ಒಂದನ್ನು ಪಕ್ಕಾ ತಳ್ಳಿಹಾಕಬೇಕು: ಕೀಲಿನೊಳಗೇ ಬ್ಯಾಕ್ಟೀರಿಯಾ ಸೇರಿಕೊಂಡು ಕೀವಾಗುವ ಸೆಪ್ಟಿಕ್ ಆರ್ಥ್ರೈಟಿಸ್. ಒಂದೇ ಕೀಲು ಏಕಾಏಕಿ ಊದಿ, ಬಿಸಿಯಾಗಿ, ಮಡಚೋಕೂ ಆಗದಷ್ಟು ನೋವು, ಜೊತೆಗೆ ಜ್ವರ ಇದ್ದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಕೆಲವೇ ದಿನಗಳಲ್ಲಿ ಕಾರ್ಟಿಲೇಜ್ ಮತ್ತೆ ಬಾರದ ಹಾಗೆ ಹಾಳಾಗುತ್ತದೆ. ಸಕ್ಕರೆ ಕಾಯಿಲೆ ಇರುವವರು, ಕೀಲು ಬದಲಾಯಿಸಿಕೊಂಡವರು ಇನ್ನೂ ಹುಷಾರಾಗಿರಬೇಕು. ಇವರಲ್ಲಿ ಜ್ವರವೇ ಇಲ್ಲದೆಯೂ ಬರಬಹುದು.

ಹೇಗೆ ಗೊತ್ತಾಗುತ್ತದೆ? ಮಂಡಿಗೆ ಸೂಜಿ ಹಾಕಿ ನೀರು ತೆಗೆಯುತ್ತಾರೆ. ಸವೆದ ಮಂಡಿಯ ನೀರು ತಿಳಿ ಹಳದಿ, ಸಿರಿಂಜಿನಿಂದ ಬಿಟ್ಟರೆ ಎಳೆ ಎಳೆಯಾಗಿ ಇಳಿಯುತ್ತದೆ. ಉರಿಯೂತ ಇದ್ದರೆ ಮಬ್ಬಾಗಿ, ತೆಳ್ಳಗೆ ತೊಟ್ಟಿಕ್ಕುತ್ತದೆ. ಕೀವಿದ್ದರೆ ಎಷ್ಟೋ ಸಲ ನೋಡಿದ ಕೂಡಲೇ ಗೊತ್ತಾಗುತ್ತದೆ. ಆದರೂ ಬಣ್ಣ ನೋಡಿ ಬಿಡುವುದಿಲ್ಲ, ಲ್ಯಾಬಿನಲ್ಲಿ ಕಲ್ಚರ್ ಮಾಡುತ್ತಾರೆ, ಅಂದರೆ ಆ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಅಂತ ನೋಡುತ್ತಾರೆ. ರಿಯಾಕ್ಟಿವ್ ಆರ್ಥ್ರೈಟಿಸ್‌ನಲ್ಲಿ ಆ ನೀರಿನಿಂದ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಈ ಪರೀಕ್ಷೆ ಆಗದೆ, ಯಾರೋ ಹೇಳಿದರು ಅಂತ ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ. ಒಳಗೆ ಸೋಂಕಿದ್ದರೆ ಅದು ಬೆಂಕಿಗೆ ತುಪ್ಪ.

ವೈರಸ್ಸುಗಳೂ ಕೀಲು ಹಿಡಿಯುತ್ತವೆ. 2006ರಲ್ಲಿ ಚಿಕೂನ್‌ಗುನ್ಯಾ ಬಂದಾಗ ಕರ್ನಾಟಕ ಒಂದರಲ್ಲೇ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳಿದ್ದವು. ಜ್ವರ ವಾರದೊಳಗೆ ಬಿಟ್ಟರೂ ಮಣಿಕಟ್ಟು, ಬೆರಳು, ಪಾದದ ಗಂಟಿನ ನೋವು ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಉಳಿಯಿತು.

ಇನ್ನು ಚಿಕಿತ್ಸೆ. ಹೊಟ್ಟೆಯ ಸೋಂಕಿನಿಂದ ಬಂದ ರಿಯಾಕ್ಟಿವ್ ಆರ್ಥ್ರೈಟಿಸ್‌ಗೆ ಆಂಟಿಬಯೋಟಿಕ್ ಹೆಚ್ಚೇನೂ ಮಾಡುವುದಿಲ್ಲ, ಆ ಹೊತ್ತಿಗೆ ಸೋಂಕು ಸಾಮಾನ್ಯವಾಗಿ ಹೋಗಿರುತ್ತದೆ. ನ್ಯಾಪ್ರೋಕ್ಸೆನ್‌ನಂಥ ಉರಿಯೂತ ತಗ್ಗಿಸುವ ಮಾತ್ರೆ ಕೊಡುತ್ತಾರೆ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು ಇದ್ದರೆ ಮೊದಲೇ ಹೇಳಿ, ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗುತ್ತಾ ಕೂರಬೇಡಿ. ಹೆಚ್ಚಿನವರಿಗೆ 3ರಿಂದ 12 ತಿಂಗಳಲ್ಲಿ ವಾಸಿಯಾಗುತ್ತದೆ. ಕೆಲವರಿಗೆ ಮರುಕಳಿಸುತ್ತದೆ, ಎಚ್‌ಎಲ್‌ಎ-ಬಿ27 ಅನ್ನುವ ಜೀನ್ ಇರುವವರಲ್ಲಿ ಇದು ಜಾಸ್ತಿ. ಅಂಥವರಿಗೆ ರೋಗನಿರೋಧಕ ವ್ಯವಸ್ಥೆಯ ಈ ಆರ್ಭಟವನ್ನು ತಗ್ಗಿಸುವ ಸಲ್ಫಾಸಲಜೀನ್ ಅನ್ನುವ ಮಾತ್ರೆ ಬೇಕಾಗಬಹುದು.

ಅಮ್ಮನ ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಸವೆದಿದೆ ಅಂದ ಕೂಡಲೇ ನಡೆಯುವುದನ್ನೇ ನಿಲ್ಲಿಸಿಬಿಡುವವರು ತುಂಬಾ ಜನ. ಅದು ತಪ್ಪು. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದಷ್ಟೂ ಮಂಡಿಗೆ ಒಳ್ಳೆಯದು. ಕುರ್ಚಿಯಲ್ಲಿ ಕೂತು ಕಾಲನ್ನು ನೇರಕ್ಕೆ ಚಾಚಿ, ಸ್ವಲ್ಪ ಹೊತ್ತು ಹಿಡಿದು, ನಿಧಾನ ಇಳಿಸಲಿ, ಟಿವಿ ನೋಡುತ್ತಲೂ ಮಾಡಬಹುದು. ತೂಕ ಜಾಸ್ತಿ ಇದ್ದರೆ 1 ಕೆಜಿ ಇಳಿಸಿದರೂ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು 4 ಕೆಜಿ ಕಡಿಮೆಯಾಗುತ್ತದೆ. ಎಕ್ಸ್-ರೇ ನೋಡಿ ಗಾಬರಿಯಾಗಬೇಡಿ, ಅದರಲ್ಲಿ ಕಾಣುವ ಸವೆತಕ್ಕೂ ನೋವಿಗೂ ಎಷ್ಟೋ ಸಲ ತಾಳೆಯೇ ಆಗುವುದಿಲ್ಲ. ಕೀಲಿಗೆ ಒಳ್ಳೆಯದು ಅಂತ ಮಾರುವ ದುಬಾರಿ ಗ್ಲೂಕೋಸಮೈನ್ ಮಾತ್ರೆ ಡಬ್ಬಿಗೆ ಹಾಕುವ ದುಡ್ಡನ್ನು ಫಿಸಿಯೋಥೆರಪಿಗೆ ಹಾಕಿ ಅನ್ನುತ್ತೇನೆ.

ನೀವು ಈ ವಾರವೇ ರುಮಟಾಲಜಿಸ್ಟ್, ಅಂದರೆ ಕೀಲುವಾತದ ತಜ್ಞರ ಹತ್ತಿರ ಹೋಗಿ. ಸಿಗದಿದ್ದರೆ ಫಿಜಿಷಿಯನ್ ಆದರೂ ಸರಿ. ಮೂರು ವಾರದ ಹಿಂದಿನ ಭೇದಿ ಬಗ್ಗೆ ನೀವಾಗಿಯೇ ಹೇಳಿ, ಮಂಡಿಗೂ ಹೊಟ್ಟೆಗೂ ಏನು ಸಂಬಂಧ ಅಂತ ಬಿಟ್ಟುಬಿಡಬೇಡಿ. ಮೂತ್ರ ಉರಿ ಇದ್ದರೆ ಅದನ್ನೂ ನಾಚಿಕೆ ಬಿಟ್ಟು ಹೇಳಿ: ಲೈಂಗಿಕ ಸಂಪರ್ಕದಿಂದ ಬರುವ ಕ್ಲಮೈಡಿಯಾ ಸೋಂಕೂ ಇದಕ್ಕೆ ಕಾರಣವಾಗುತ್ತದೆ, ಅದು ಇದ್ದರೆ ಮಾತ್ರ ಆಂಟಿಬಯೋಟಿಕ್ ಬೇಕೇ ಬೇಕು, ಸಂಗಾತಿಗೂ.